ಬೆಳ್ಳಿ ಕಪ್ಪಾಗೋದ್ಯಾಕೆ, ಕೊಂಡಿ ಕಳಚೋದ್ಯಾಕೆ

ಸುಂಟಿಕೊಪ್ಪದ ಮಳೆಗಾಲ ಅಂದ್ರೆ ಬೀರು ಬಾಗಿಲು ತೆಗೆಯೋಕೆ ಹೆದರಿಕೆ ಆಗೋ ಕಾಲ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮದುವೆ ಆಲ್ಬಮ್ಮಿಗೂ ಬೂಷ್ಟು. ಬೆಳ್ಳಿಗೆ ಬೂಷ್ಟು ಬರಲ್ಲ, ಅದು ಕಪ್ಪಾಗುತ್ತೆ. ಅಂಥದ್ದೊಂದು ಕಕ್ಕಡದ ಮಧ್ಯಾಹ್ನ ಪಕ್ಕದ ಮನೆ ಹುಡುಗಿ ಎರಡು ಡಬ್ಬಿ ಹಿಡ್ಕೊಂಡು ಬಂದಳು. ಒಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಆನ್‌ಲೈನಿನಲ್ಲಿ ತರಿಸಿದ ರಿಂಗು, ಕೊಂಡಿ, ಗುಂಡು, ಕಿವಿಯ ಕೊಕ್ಕೆ, ಎರಡು ಸುರುಳಿ ತಂತಿ. ಮನೆಯಲ್ಲೇ ಬೆಳ್ಳಿ ಓಲೆ ಮಾಡಿ ಮಾರೋದು ಅವಳ ಹೊಸ ಉತ್ಸಾಹ. ಇನ್ನೊಂದು ಹಳೇ ತಗಡಿನ ಡಬ್ಬಿ. ಅದರಲ್ಲಿ ಅವಳ ಅಜ್ಜಿಯ ತಾಯಿಯದಂತೆ, ಒಂದು ಜೊತೆ ಕಾಲುಸರಪಳಿ. ಒಂದರ ಕೊಂಡಿ ಕಳಚಿ ಹೋಗಿತ್ತು.

"ಅಕ್ಕ, ಇದು ಒಂದೇ ಮಳೆಗಾಲಕ್ಕೆ ಯಾಕೆ ಹೀಗೆ ಕಪ್ಪಾಯ್ತು? ಪ್ಯೂರ್ ಬೆಳ್ಳಿ ತಂತಿ ತಗೋಬೇಕಿತ್ತಾ? ಈ ರಿಂಗು ಯಾಕೆ ಬಾಯಿ ಬಿಡುತ್ತೆ? ಹುಣಸೆಹಣ್ಣು ಹಾಕಿ ತಿಕ್ಕಲಾ?" ಒಂದೇ ಉಸಿರಿನಲ್ಲಿ ನಾಲ್ಕು ಪ್ರಶ್ನೆ. ಐದನೆಯದನ್ನು ಆಮೇಲೆ ಮೆಲ್ಲಗೆ ಕೇಳಿದಳು. ಕಾಲುಸರಪಳಿಯನ್ನು ಒಂದು ಅಂಗಡಿಗೆ ತೋರಿಸಿದ್ದರಂತೆ. ಅವರು ಮೆಷಿನ್ನಿನಲ್ಲಿ ಇಟ್ಟು, "78 ಟಚ್ ಬಂತು, ಇದು ಪ್ಯೂರ್ ಅಲ್ಲ, ಹಾಕಿಬಿಟ್ಟು ಹೊಸ ಗೆಜ್ಜೆ ತಗೊಳ್ಳಿ" ಅಂದರಂತೆ. ಅಕ್ಕನ ಮದುವೆ ಹತ್ತಿರ ಬಂದಿದೆ. ಅಮ್ಮ ಹಾಕಿಬಿಡೋಣ ಅಂತಿದಾರೆ. "ಅದು ಕೆಟ್ಟ ಬೆಳ್ಳೀನಾ ಅಕ್ಕ?"

ನಾನು ಪಂಡಿತಳೇನಲ್ಲ. ಕೆಲವು ವರ್ಷ ಬೆಳ್ಳಿ ಕೆಲಸ ಕಲಿಯೋಕೆ ಹೋಗಿ ಕೈ ಸುಟ್ಟುಕೊಂಡವಳು, ಅಷ್ಟೆ. ಆದರೆ ಆ ಐದು ಪ್ರಶ್ನೆಗೂ ಉತ್ತರ ಅವಳ ತಗಡಿನ ಡಬ್ಬಿಯಲ್ಲೇ ಇತ್ತು.

ಮೊದಲು ರಿಂಗಿನ ವಿಷಯ. ಬೆಳ್ಳಿ ತಂತಿಯನ್ನು ಸಲಾಕೆಗೆ ಸುತ್ತಿ, ಸ್ಪ್ರಿಂಗಿನ ಹಾಗಾದ ಮೇಲೆ ಉದ್ದಕ್ಕೆ ಕತ್ತರಿಸಿದರೆ ಉದುರೋದೇ ರಿಂಗು. ಪ್ರತಿಯೊಂದಕ್ಕೂ ಒಂದು ಸೀಳು. ಹೊಸಬರು ಅದನ್ನು ಬಾಯಿ ಅಗಲಿಸಿ ತೆಗೆಯುತ್ತಾರೆ. ಹಾಗೆ ತೆಗೆದರೆ ಗುಂಡಗಿದ್ದದ್ದು ಮೊಟ್ಟೆ ಆಕಾರಕ್ಕೆ ಬರುತ್ತೆ, ಮತ್ತೆ ಸರಿಯಾಗಿ ಕೂರಲ್ಲ. ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಬೇಕು. ಮುಚ್ಚುವಾಗಲೂ ಹಾಗೇ. ಇಷ್ಟಾದರೂ ಬೆಸುಗೆ ಹಾಕದ ರಿಂಗು ಎಷ್ಟಾದರೂ ಬೆಸುಗೆ ಹಾಕದ ರಿಂಗೇ. ಓಲೆಗೆ ನಡೆಯುತ್ತೆ, ಕಾಲಿಗೆ ನಡೆಯಲ್ಲ.

ಕೊಡಗಿನ ಹಳೇ ಬೆಳ್ಳಿ ನೋಡಿದವರಿಗೆ ಇದು ಗೊತ್ತು. ಕೊಡವ ಮದುಮಗಳ ಕಾಲುಪಿಲ್ಲಿ ಅಂತಿದೆಯಲ್ಲ, ಕಾಲ್ಬೆರಳಿನ ಉಂಗುರಗಳಿಂದ ಹೊರಟ ಸರಪಳಿಗಳು ಪಾದದ ಮೇಲೆ ಹಾದು ಕಾಲಿನ ಬಳೆಗೆ ಸೇರೋದು. ಕೈಯಲ್ಲಿ ಅದೇ ರೀತಿಯ ಕೈಸರಪಳಿ. ಇವುಗಳಲ್ಲಿ ಒಡವೆ ಅನ್ನೋದೇ ಜೋಡಣೆ. ರಿಂಗು, ಕೊಂಡಿ, ಸರಪಳಿ ತೆಗೆದುಬಿಟ್ಟರೆ ಒಂದಷ್ಟು ಉಂಗುರ ಉಳಿಯುತ್ತೆ ಅಷ್ಟೆ. ಗಂಡಸರ ಪೀಚೆಕತ್ತಿಯೂ ಹಾಗೇ. ಕುಪ್ಪ್ಯದ ಮೇಲೆ ಕೆಂಪು ಚೇಲೆ ಕಟ್ಟಿ, ಅದರಲ್ಲಿ ಸಿಕ್ಕಿಸಿದ ಕತ್ತಿಯಿಂದ ಬೆಳ್ಳಿ ಸರಪಳಿ ಇಳಿಬಿದ್ದಿರುತ್ತೆ. 1870ರಲ್ಲಿ ಕೊಡಗಿನ ಕೈಪಿಡಿ ಬರೆದ ಪಾದ್ರಿ ರಿಕ್ಟರ್ ಕೊಡವರ ಉಡುಪು ವರ್ಣಿಸುವಾಗ ಕತ್ತಿಯ ಜೊತೆ ಆ ಸರಪಳಿಯನ್ನೂ ಗಮನಿಸಿದ್ದಾನೆ. ಕೊಡವರ ಕತ್ತಿಯ ಚಿತ್ರ ಅದಕ್ಕೂ ಮೊದಲೇ ಬೆಳ್ಳಿಗೆ ಏರಿತ್ತು. 1837ರ ದಂಗೆಯನ್ನು ಹತ್ತಿಕ್ಕಲು ನೆರವಾದ ಕೊಡವರಿಗೆ ಕಂಪನಿ ಸರ್ಕಾರ ಚಿನ್ನದ ಪದಕ, ಬೆಳ್ಳಿ ಪದಕ ಕೊಟ್ಟಿತು. ಕಲ್ಕತ್ತೆಯ ಟಂಕಸಾಲೆಯಲ್ಲಿ ಅಚ್ಚಾದ ಆ ಪದಕದಲ್ಲಿ ಕೊಡವ ಯೋಧನ ಚಿತ್ರ, ಜೊತೆಗೆ ಕನ್ನಡ ಬರಹ. ಅದೇ ವರ್ಷ ಅಕ್ಟೋಬರ್ 31ರಂದು ಅದೇ ದಂಗೆಗಾಗಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಒಂದೇ ನಾಡಿನಲ್ಲಿ ಒಬ್ಬರ ಎದೆಗೆ ಬೆಳ್ಳಿ, ಇನ್ನೊಬ್ಬರ ಕೊರಳಿಗೆ ಹಗ್ಗ. ವಿಷಯ ಬಿಟ್ಟು ಹೋದೆ ಅನ್ಸುತ್ತೆ, ಆದರೆ ಕೊಡಗಿನ ಬೆಳ್ಳಿ ಅಂದಾಗ ಇದು ನೆನಪಾಗದೆ ಇರಲ್ಲ.

ಹುಡುಗಿಯ ಕಾಲುಸರಪಳಿಯನ್ನು ಭೂತಕನ್ನಡಿಯಲ್ಲಿ ನೋಡಿದೆವು. ಅದು ಕಡಿಗೆ ಕಡಿ ಸಿಕ್ಕಿಸಿದ ಸಾದಾ ಸರಪಳಿ ಅಲ್ಲ. ಮೊದಲು ಉಂಗುರ ಮಾಡಿ, ಬೆಸೆದು, ಉದ್ದಕ್ಕೆ ಎಳೆದು, ನಡುವೆ ಬಾಗಿಸಿ, ಅದರ ಎರಡು ಕಣ್ಣಿನೊಳಗೆ ಮುಂದಿನ ಉಂಗುರ ತೂರಿಸಿ ಹೆಣೆದದ್ದು. ಈ ಹೆಣಿಗೆ ಬಲು ಹಳೆಯದು. ಇರಾಕಿನ ಉರ್ ಪಟ್ಟಣದಲ್ಲಿ ಸುಮಾರು 4500 ವರ್ಷ ಹಿಂದಿನ ರಾಜಸಮಾಧಿಗಳಲ್ಲಿ ಸಿಕ್ಕ ಸರಪಳಿಗಳೂ ಇದೇ ಬಗೆಯವು. ಒಂದು ಕಾಲಿಗೆ ನೂರಾರು ಉಂಗುರ. ಪ್ರತಿ ಉಂಗುರಕ್ಕೂ ಬಿಳಿಗಾರ ಹಚ್ಚಿ, ಬೆಸುಗೆಯ ಚೂರು ಇಟ್ಟು, ಊದುಕೊಳವೆಯಿಂದ ಉರಿ ಊದಿ ಮುಚ್ಚಿರಬೇಕು. ಸರಪಳಿ ಎಲ್ಲೂ ಬಿಟ್ಟಿರಲಿಲ್ಲ. ಕೊನೆಯ ರಿಂಗು ಮಾತ್ರ ಸವೆದು ಸವೆದು ಅರ್ಧ ದಪ್ಪಕ್ಕೆ ಬಂದು ತುಂಡಾಗಿತ್ತು. ಕೊಂಡಿ ಹಾಕಿ ತೆಗೆಯೋ ಜಾಗ ಅದೇ ತಾನೆ, ಸವೆತವೆಲ್ಲ ಅಲ್ಲಿಗೇ.

ಆಮೇಲೆ ತೂಕ. ನನ್ನ ಚಿಕ್ಕ ತಕ್ಕಡಿಯಲ್ಲಿ ಜೊತೆಗೆ 277 ಗ್ರಾಂ ಬಂತು. ನನಗೆ ಆಗಲೇ ಸಂಶಯ ಬಂದು 24ರ ಮಗ್ಗಿ ಹಾಕಿದೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ 180 ಗ್ರೇನು, ಅಂದ್ರೆ 11.66 ಗ್ರಾಂ. ಅದೇ ಒಂದು ತೊಲ. 24 ರೂಪಾಯಿಗೆ ಸುಮಾರು 280 ಗ್ರಾಂ. ಒಂದು ಕಾಲಿಗೆ 12 ರೂಪಾಯಿಯಂತೆ ಕೊಟ್ಟು ಮಾಡಿಸಿದ್ದಾರೆ, ಮಿಕ್ಕ ಎರಡು ಮೂರು ಗ್ರಾಂ ನೂರು ವರ್ಷದ ನಡಿಗೆಯಲ್ಲಿ ಹೋಗಿದೆ ಅಂತ ನನ್ನ ಊಹೆ.

ಈಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ದುಡ್ಡನ್ನು ಕರಗಿಸಿ ಒಡವೆ ಮಾಡೋದಾ? ಆಗ ಅದೇ ಪದ್ಧತಿ. ರೂಪಾಯಿ ಅನ್ನೋ ಮಾತೇ ರೂಪ್ಯದಿಂದ, ಅಚ್ಚೊತ್ತಿದ ಬೆಳ್ಳಿಯಿಂದ ಬಂದದ್ದು. ಕಂಪನಿ 1835ರಲ್ಲಿ ತನ್ನ ಪ್ರಾಂತ್ಯಗಳಿಗೆಲ್ಲ ಒಂದೇ ರೂಪಾಯಿ ತಂದಿತು. 12 ಪಾಲಿನಲ್ಲಿ 11 ಪಾಲು ಬೆಳ್ಳಿ, 1 ಪಾಲು ತಾಮ್ರ. ಅಂದ್ರೆ 91.7. ಅದಕ್ಕೂ ಮುಂಚಿನ ವರ್ಷ, 1834ರಲ್ಲಿ, ಕೊಡಗಿನ ಕೊನೇ ರಾಜ ಚಿಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಕಂಪನಿ ತನ್ನದು ಮಾಡಿಕೊಂಡಾಗಿತ್ತು. ಹಿಂದೆಯೇ ಕಾಫಿ ತೋಟ ಬಂತು, ತೋಟದ ಹಿಂದೆ ಕೂಲಿ, ಸಂತೆ, ಸಾಲ ಎಲ್ಲ ಬಂತು. ಮಡಿಕೇರಿ ಕುಶಾಲನಗರದ ನಡುವಿನ ಈ ನಮ್ಮ ಊರು ಬೆಳೆದದ್ದೂ ಆ ತೋಟಗಳ ಮೇಲೆಯೇ. ಬ್ಯಾಂಕಿನ ಬಾಗಿಲು ಕಾಣದ ಮನೆಯಲ್ಲಿ ಕೈಗೆ ನಾಲ್ಕು ರೂಪಾಯಿ ಉಳಿದರೆ ಎಲ್ಲಿಡೋದು? ಅಕ್ಕಸಾಲಿಗನ ಮೂಸೆಯಲ್ಲಿ. ಬೆರಕೆ ಇದೆಯಾ ಇಲ್ಲವಾ ಅಂತ ಒರೆಗಲ್ಲಿಗೆ ತಿಕ್ಕೋ ತಲೆನೋವೂ ಇಲ್ಲ, ಟಂಕಸಾಲೆಯೇ ಲೆಕ್ಕ ಮಾಡಿ ಕೊಟ್ಟ ಬೆಳ್ಳಿ. ಕಷ್ಟ ಬಂದಾಗ ಕಾಲಿನದ್ದು ಬಿಚ್ಚಿದರೆ ಹೆಚ್ಚು ಕಡಿಮೆ ಅಷ್ಟೇ ರೂಪಾಯಿ ವಾಪಸ್ಸು, ಮಜೂರಿ ಮಾತ್ರ ಹೋಯ್ತು.

ಈ ಅನುಕೂಲ ಒಂದು ದಿನ ನಿಂತುಹೋಯಿತು. 1870ರ ದಶಕದಿಂದ ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಇಳಿಯುತ್ತಾ ಬಂತು. ಅಮೆರಿಕದ ನೆವಾಡಾದಲ್ಲಿ ಗಣಿಗಳು ಬೆಳ್ಳಿ ಕಕ್ಕುತ್ತಿದ್ದವು, ಜರ್ಮನಿ ತನ್ನ ನಾಣ್ಯವನ್ನು ಚಿನ್ನಕ್ಕೆ ಬದಲಾಯಿಸಿ ಬೆಳ್ಳಿ ಮಾರುತ್ತಿತ್ತು. ಬೆಳ್ಳಿ ಇಳಿದರೆ ರೂಪಾಯಿಯೂ ಇಳಿಯುತ್ತಿತ್ತು, ಕಾಲುಸರಪಳಿಯೂ ಇಳಿಯುತ್ತಿತ್ತು. ಮೂರೂ ಒಟ್ಟಿಗೆ ಇಳಿಯುತ್ತಿದ್ದರಿಂದ ಹಳ್ಳಿಯಲ್ಲಿ ಯಾರಿಗೂ ಅದು ಕಾಣಲಿಲ್ಲ. ಲಂಡನ್ನಿಗೆ ಪೌಂಡಿನಲ್ಲಿ ಹಣ ಕಳಿಸಬೇಕಿದ್ದ ಸರ್ಕಾರಕ್ಕೆ ಮಾತ್ರ ಕಂಡಿತು. 1893ರ ಜೂನ್ 26ರಂದು ಕಾನೂನು ಮಾಡಿ, ಸಾರ್ವಜನಿಕರು ಬೆಳ್ಳಿ ತಂದು ರೂಪಾಯಿ ಹೊಡೆಸಿಕೊಳ್ಳುವ ಹಕ್ಕನ್ನು ನಿಲ್ಲಿಸಿತು. ಲಂಡನ್ನಿನಲ್ಲಿ ಔನ್ಸಿಗೆ ಸುಮಾರು 38 ಪೆನ್ಸ್ ಇದ್ದ ಬೆಳ್ಳಿ ಕೆಲವೇ ದಿನಗಳಲ್ಲಿ 30ರ ಹತ್ತಿರ ಬಂತು. ರೂಪಾಯಿಯ ಬೆಲೆಯನ್ನು ಮುಂದೆ 16 ಪೆನ್ಸಿಗೆ ಕಟ್ಟಿಹಾಕಿದರು.

ಲೆಕ್ಕ ಮಾಡೋದು ಸುಲಭ, ಯಾಕಂದ್ರೆ 16 ಪೆನ್ಸ್ ಅಂದ್ರೆ 16 ಆಣೆ, ಪೆನ್ಸಿಗೊಂದು ಆಣೆ. 1902ರ ಹೊತ್ತಿಗೆ ಬೆಳ್ಳಿ ಔನ್ಸಿಗೆ 24 ಪೆನ್ಸಿನ ಆಸುಪಾಸು. ಆ ದರದಲ್ಲಿ ಒಂದು ರೂಪಾಯಿಯೊಳಗಿನ ಬೆಳ್ಳಿಯ ಬೆಲೆ 9 ಆಣೆಗಿಂತ ಒಂದು ಚೂರು ಕಮ್ಮಿ. ಪೆಟ್ಟಿಗೆಯಲ್ಲಿದ್ದ ರೂಪಾಯಿ ರೂಪಾಯಿಯಾಗೇ ಉಳಿಯಿತು. ಕಾಲಲ್ಲಿದ್ದ ರೂಪಾಯಿ ಒಂಬತ್ತಾಣೆ ಆಯಿತು. 24 ರೂಪಾಯಿಯ ಸರಪಳಿ ಬಿಚ್ಚಿದವಳಿಗೆ ಹದಿಮೂರೂವರೆ ರೂಪಾಯಿ. ಒಡವೆಯ ರೂಪದಲ್ಲಿ ಉಳಿತಾಯ ಇಟ್ಟವರು ಯಾರು? ಹೆಂಗಸರು, ರೈತರು, ಕೂಲಿಯವರು. ಅವರ ಗಂಟನ್ನು ಯಾರೂ ಮನೆಗೆ ಬಂದು ಮುಟ್ಟಲಿಲ್ಲ, ಹೋಯಿತು ಅಷ್ಟೆ. ಹಣಕಾಸಿನ ಚರಿತ್ರೆಯ ಪುಸ್ತಕಗಳಲ್ಲಿ 1893 ಅಂದ್ರೆ ವಿನಿಮಯ ದರದ ಅಧ್ಯಾಯ. ನನಗೆ ಅದು ಕಾಲುಸರಪಳಿಯ ಅಧ್ಯಾಯ.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಎಷ್ಟು ಏರಿತು ಅಂದ್ರೆ, ಔನ್ಸಿಗೆ 43 ಪೆನ್ಸ್ ದಾಟಿದ ಮೇಲೆ ರೂಪಾಯಿಯನ್ನು ಚಲಾಯಿಸೋದಕ್ಕಿಂತ ಕರಗಿಸೋದೇ ಲಾಭ. 1917ರಲ್ಲಿ ಸರ್ಕಾರ ನಾಣ್ಯ ಕರಗಿಸೋದನ್ನು ನಿಷೇಧಿಸಿತು, ಅದೇ ನವೆಂಬರಿನಲ್ಲಿ ಒಂದು ರೂಪಾಯಿಯ ನೋಟು ತಂದಿತು. ಮರುವರ್ಷ ಅಮೆರಿಕ ಪಿಟ್‌ಮನ್ ಕಾಯಿದೆ ಮಾಡಿ ತನ್ನ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿ ಬ್ರಿಟನ್ನಿಗೆ ಮಾರಿತು, ಇಂಡಿಯಾದ ರೂಪಾಯಿಗೆ ಬೆಳ್ಳಿ ಬೇಕಿತ್ತಲ್ಲ. ಹಾಗಾಗಿ ಆ ಕಾಲದ ರೂಪಾಯಿಯಿಂದ ಆದ ಯಾವುದೋ ಗೆಜ್ಜೆಯಲ್ಲಿ ಡಾಲರೂ ಇರಬಹುದು. ಕೊನೆಗೆ 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. 50 ಬೆಳ್ಳಿ, 40 ತಾಮ್ರ, ತಲಾ 5 ನಿಕ್ಕಲ್ಲು ಮತ್ತು ಸತು. ಹಳೇ ರೂಪಾಯಿಗಳನ್ನು ಯುದ್ಧದ ವರ್ಷಗಳಲ್ಲಿ ಹಂತಹಂತವಾಗಿ ವಾಪಸ್ಸು ತಗೊಂಡರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್ಲು. ಮನೆಯಲ್ಲಿ ಹಳೇ ನಾಣ್ಯ ಇದ್ದವರು ಇಸವಿ ನೋಡಿಕೊಳ್ಳಿ. ರಾಣಿ ವಿಕ್ಟೋರಿಯಾದ್ದು, ಎಡ್ವರ್ಡ್, ಐದನೇ ಜಾರ್ಜಿನದ್ದು ಒಂದು ತರ. 1940ರಿಂದ ಈಚಿನದ್ದು ಬೇರೆಯೇ ತರ.

ಈಗ ಪ್ಯೂರ್ ಪ್ರಶ್ನೆಗೆ ಬರೋಣ. 999 ಬೆಳ್ಳಿ ಕೊಂಡಿಗೆ ಆಗಲ್ಲ. ತೀರಾ ಮೆತ್ತಗೆ. ಕಿವಿಯ ಕೊಕ್ಕೆ ಮಾಡಿದರೆ ನಿದ್ದೆಯಲ್ಲೇ ನೆಟ್ಟಗಾಗುತ್ತೆ. ತಾಮ್ರ ಬೆರೆಸೋದು ಮೋಸಕ್ಕಲ್ಲ, ಬಿಗಿಗೆ. ಇಂಗ್ಲೆಂಡಿನ ಸ್ಟರ್ಲಿಂಗ್ ಅಳತೆ 92.5. ಅದಕ್ಕೆ ಮುದ್ರೆ ಹಾಕಲೇಬೇಕು ಅಂತ ಅಲ್ಲಿಯ ರಾಜ 1300ರಲ್ಲೇ ಕಾನೂನು ಮಾಡಿದ್ದ. ಹುಡುಗಿಯ ಪ್ಲಾಸ್ಟಿಕ್ ಡಬ್ಬಿ ಮೇಲಿನ 925 ಅದೇ. ಅವಳ ಮುತ್ತಜ್ಜಿಯ ರೂಪಾಯಿ ಬೆಳ್ಳಿಗೂ ಇದಕ್ಕೂ ನೂರಕ್ಕೆ ಒಂದು ಪಾಲಿನ ವ್ಯತ್ಯಾಸವೂ ಇಲ್ಲ. ಗುಂಡು ಪೋಣಿಸಿ ಸುತ್ತೋದಕ್ಕೆ ಮೆದು ತಂತಿ, ಕೊಂಡಿ ಕೊಕ್ಕೆಗೆ ಅರೆಗಟ್ಟಿ ತಂತಿ ತಗೋ ಅಂದೆ. ಕಿವಿಗೆ 0.8 ಮಿಲಿಮೀಟರ್ ಸಾಕು. ತಂತಿಯನ್ನು ಬಗ್ಗಿಸಿದಷ್ಟೂ ಅದು ಬಿರುಸಾಗಿ ಕೊನೆಗೆ ಟಕ್ ಅಂತ ಮುರಿಯುತ್ತೆ. ಮಂಕು ಕೆಂಪು ಬರೋವರೆಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತೆ. ಇನ್ನೂ ಕಾಯಿಸಿದರೆ ಗುಂಡಾಗಿ ಉರುಳುತ್ತೆ, ಅದನ್ನೂ ನಾನು ಮಾಡಿದ್ದೀನಿ. ಜರ್ಮನ್ ಸಿಲ್ವರ್ ಅಂತ ಬರೋದರಲ್ಲಿ ಬೆಳ್ಳಿ ಇಲ್ಲವೇ ಇಲ್ಲ. ತಾಮ್ರ, ನಿಕ್ಕಲ್ಲು, ಸತು ಅಷ್ಟೆ. ಕಿವಿಗೆ ಹಾಕಿದರೆ ಕೆಲವರಿಗೆ ನಿಕ್ಕಲ್ಲಿನಿಂದ ತುರಿಕೆ.

ಹಾಗಾದರೆ 78 ಯಾಕೆ ಬಂತು? ಆ ಮೆಷಿನ್ ಒಂದು ಸಣ್ಣ ಚುಕ್ಕೆಯಷ್ಟು ಜಾಗವನ್ನು, ಅದೂ ಮೇಲ್ಮೈಯನ್ನು ಓದುತ್ತೆ. ಬೆಸುಗೆಯ ಮೇಲೆ ಇಟ್ಟರೆ ಬೆಸುಗೆಯನ್ನು ಓದುತ್ತೆ. ಬೆಸುಗೆ ಒಡವೆಗಿಂತ ಮುಂಚೆ ಕರಗಬೇಕಾದ್ದರಿಂದ ಅದರಲ್ಲಿ ಬೆಳ್ಳಿ ಕಮ್ಮಿ ಇರಲೇಬೇಕು. ಹುಡುಗಿ ಮತ್ತು ಅವಳ ಅಮ್ಮ ಮಡಿಕೇರಿಯಲ್ಲಿ ಇನ್ನೊಂದು ಕಡೆ ಹೋಗಿ, ತುಂಡಾದ ರಿಂಗನ್ನೇ ಕೊಟ್ಟು, ಒಂದು ಕಡೆ ಅರದಿಂದ ಸ್ವಲ್ಪ ಉಜ್ಜಿಸಿ ನೋಡಿಸಿದರು. 91.4. ಮೊದಲಿನ ಅಂಗಡಿಯವರನ್ನು ಕಳ್ಳರು ಅನ್ನೋಕೂ ಆಗಲ್ಲ. ಪೂರ್ತಿ ಸರಪಳಿ ಕರಗಿಸಿದರೆ ನೂರಾರು ಬೆಸುಗೆಯೂ ಸೇರಿ 91ಕ್ಕಿಂತ ಕೆಳಗೇ ಬರುತ್ತೆ. ಆದರೆ 78 ಅಲ್ಲ. ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿದ ಮೇಲೆ ಇಂಥ ವ್ಯತ್ಯಾಸಕ್ಕೆ ಎಷ್ಟು ಬೆಲೆ ಅಂತ ನೀವೇ ಲೆಕ್ಕ ಹಾಕಿ. ಹಳೇದನ್ನು ಹಾಕೋಕೆ ಹೋಗುವವರು ಎರಡು ಮೂರು ಜಾಗದಲ್ಲಿ ಓದಿಸಿ, ಬೆಸುಗೆ ಬಿಟ್ಟು ಓದಿಸಿ. ಹೊಸದು ಕೊಳ್ಳುವವರಿಗೆ ಹಾಲ್‌ಮಾರ್ಕ್ ಇದೆ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರದ ಗುರುತು ಬಂದಿದೆ, ಆದರೆ ಕಡ್ಡಾಯ ಮಾಡಿಲ್ಲ. ಕೇಳಿ ತಗೋಬೇಕು.

ಕಪ್ಪಿನ ವಿಷಯ ಬಾಕಿ ಇದೆ. ಅದು ತುಕ್ಕಲ್ಲ. ಗಾಳಿಯಲ್ಲಿರೋ ಗಂಧಕದ ಅಂಶ ಬೆಳ್ಳಿಗೆ ಹತ್ತಿ ಆಗೋ ತೆಳು ಪೊರೆ. ತೇವ ಇದ್ದಷ್ಟೂ ಬೇಗ ಆಗುತ್ತೆ, ಅದಕ್ಕೇ ಕೊಡಗಿನ ಮಳೆಗಾಲ ಬೆಳ್ಳಿಗೆ ಶತ್ರು. ಹುಡುಗಿಯ ಡಬ್ಬಿ ನೋಡಿದರೆ ರಿಂಗಿನ ಪೊಟ್ಟಣಗಳಿಗೆಲ್ಲ ರಬ್ಬರ್ ಬ್ಯಾಂಡ್! ರಬ್ಬರನ್ನು ಗಟ್ಟಿ ಮಾಡೋದೇ ಗಂಧಕದಿಂದ. ಉಣ್ಣೆ ಬಟ್ಟೆಯಲ್ಲಿ ಸುತ್ತಿಡೋದೂ ಬೇಡ. ಮೆತ್ತನೆ ಹತ್ತಿ ಬಟ್ಟೆ, ಬಾಯಿ ಮುಚ್ಚೋ ಪ್ಲಾಸ್ಟಿಕ್ ಚೀಲ, ಒಳಗೆ ತೇವ ಹೀರೋಕೆ ಸಿಲಿಕಾ ಜೆಲ್ ಪೊಟ್ಟಣ. ಎಲ್ಲಕ್ಕಿಂತ ಒಳ್ಳೇದು ದಿನಾ ಹಾಕ್ಕೊಳ್ಳೋದು.

ಹುಣಸೆಹಣ್ಣಿನ ಬಗ್ಗೆ ನಮ್ಮಲ್ಲಿ ಅತಿಯಾದ ನಂಬಿಕೆ. ಹುಣಸೆಯ ಹುಳಿ ತಾಮ್ರದ ಕಿಲುಬನ್ನು ತೆಗೆಯುತ್ತೆ, ಹಾಗಾಗಿ ಹಿತ್ತಾಳೆ ಪಾತ್ರೆ ಫಳಫಳ ಅನ್ನುತ್ತೆ. ರೂಪಾಯಿ ಬೆಳ್ಳಿಯಲ್ಲೂ ಒಂದಿಷ್ಟು ತಾಮ್ರ ಇರೋದರಿಂದ ಸ್ವಲ್ಪ ಕೆಲಸ ಮಾಡುತ್ತೆ. ಗಂಧಕದ ಕಪ್ಪಿಗೆ ಅದು ಸಾಲದು, ಅಲ್ಲಿ ಕೆಲಸ ಮಾಡಿದ್ದು ನಿಮ್ಮ ತಿಕ್ಕುವ ಕೈ. ಬೂದಿ, ಟೂತ್‌ಪೇಸ್ಟ್, ಇಟ್ಟಿಗೆ ಪುಡಿ ಎಲ್ಲ ಕಪ್ಪಿನ ಜೊತೆ ಬೆಳ್ಳಿಯನ್ನೂ ಕೆರೆದು ತೆಗೆಯುತ್ತವೆ. ಅಂಟುವಾಳದ ನೊರೆ, ಮೆತ್ತನೆ ಬ್ರಷ್ಷು ಸಾಕು. ತೀರಾ ಕಪ್ಪಾಗಿದ್ದರೆ ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರು, ಅಡುಗೆ ಸೋಡಾ ಹಾಕಿ, ಬೆಳ್ಳಿ ಫಾಯಿಲಿಗೆ ತಾಗೋ ಹಾಗೆ ಐದು ನಿಮಿಷ ಇಡಿ. ಗಂಧಕ ಅಲ್ಯೂಮಿನಿಯಮ್ಮಿಗೆ ಹೋಗುತ್ತೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತೆ. ಕೆಟ್ಟ ಮೊಟ್ಟೆ ವಾಸನೆ ಬಂದರೆ ಕೆಲಸ ನಡೀತಿದೆ ಅಂತ ಅರ್ಥ.

ಆದರೆ ಇದನ್ನು ಎಲ್ಲದಕ್ಕೂ ಮಾಡಬೇಡಿ. ಪೀಚೆಕತ್ತಿಯನ್ನು ಅದ್ದಿದರೆ ಉಕ್ಕು, ಮರ ಎರಡೂ ಹಾಳು. ಒಳಗೆ ಅರಗು ತುಂಬಿದ ಗುಂಡಿನ ಸರ ಬಿಸಿನೀರಿಗೆ ಬಿದ್ದರೆ ಅರಗು ಮೆತ್ತಗಾಗಿ ಹೊರಗೆ ಬರುತ್ತೆ. ಕೆತ್ತನೆಯ ಗೆರೆಗಳೊಳಗೆ ಬೇಕೂಂತಲೇ ಉಳಿಸಿದ ಕಪ್ಪೂ ಒಂದಿದೆ, ಅದು ಹೋದರೆ ಕೆತ್ತನೆಯೇ ಕಾಣಲ್ಲ. ಈ ಕಪ್ಪನ್ನು ಬೇಕಂತ ಬರಿಸೋದಕ್ಕೆ ಅಂಗಡಿಯಲ್ಲಿ ಆಕ್ಸಿಡೈಸ್ಡ್ ಅಂತಾರೆ, ನಿಜದಲ್ಲಿ ಅದೂ ಗಂಧಕದ್ದೇ.

ಮೊದಲೆಲ್ಲ ಇಂಥದ್ದನ್ನು ಹೇಳೋಕೆ ಒಬ್ಬ ಆಚಾರ್ರು ಸಿಗುತ್ತಿದ್ದರು. 1963ರಲ್ಲಿ ಚಿನ್ನ ನಿಯಂತ್ರಣ ಬಂದು 14 ಕ್ಯಾರೆಟ್ಟಿಗಿಂತ ಮೇಲಿನ ಒಡವೆ ಮಾಡಬಾರದು ಅಂದಾಗ ದೇಶದಲ್ಲಿ ಎಷ್ಟೋ ಅಕ್ಕಸಾಲಿಗರು ಕಸುಬು ಕಳೆದುಕೊಂಡರು, ಜೀವ ಕಳೆದುಕೊಂಡವರೂ ಇದ್ದರು. 1990ರಲ್ಲಿ ಆ ಕಾನೂನು ಹೋಯಿತು. ಅಷ್ಟರಲ್ಲಿ ಸೇಲಂ, ಕೊಲ್ಲಾಪುರದ ಕಡೆಯ ಹುಪರಿ ಇಂಥ ಊರುಗಳಿಂದ ಸಿದ್ಧ ಗೆಜ್ಜೆ, ಸಿದ್ಧ ಕೊಂಡಿ ಬರತೊಡಗಿತ್ತು. ಕೊಂಡಿ ಹೋದರೆ ರಿಪೇರಿ ಮಾಡುವವರಿಲ್ಲ, ಹಾಕಿ ಹೊಸದು ತಗೋ ಅನ್ನುವವರು ಇದ್ದಾರೆ.

ಕಾಲುಸರಪಳಿಗೆ ಉರಿ ತೋರಿಸೋ ಧೈರ್ಯ ನನಗೂ ಬರಲಿಲ್ಲ. ಹೊಸ ಬೆಸುಗೆ ಹಾಕೋಕೆ ಹೋಗಿ ಪಕ್ಕದ ನೂರು ವರ್ಷದ ಬೆಸುಗೆ ಕರಗಿದರೆ? ಹುಡುಗಿಯೇ 925 ತಂತಿಯಲ್ಲಿ ದಪ್ಪ ರಿಂಗು ಎರಡು ಸುತ್ತಿನದ್ದು ಮಾಡಿ, ಕೀ ಗೊಂಚಲಿನ ರಿಂಗಿನ ಹಾಗೆ ತೂರಿಸಿದಳು. ಎಸ್ ಆಕಾರದ ಕೊಂಡಿಯನ್ನು ಮೂರನೇ ಸಲಕ್ಕೆ ಸರಿ ಮಾಡಿದಳು. ಇದೆಲ್ಲ ಬಿಚ್ಚಿದರೆ ಹಳೇದಕ್ಕೆ ಒಂದು ಗೀರೂ ಬೀಳಲ್ಲ. ತುಂಡಾದ ಹಳೇ ರಿಂಗನ್ನು ಬಿಸಾಡೋಕೆ ಹೊರಟಿದ್ದಳು, ಚೀಲದಲ್ಲಿ ಹಾಕಿ ಅದೇ ಡಬ್ಬಿಯಲ್ಲಿ ಇಡು ಅಂದೆ.

ಅಕ್ಕನ ಮದುವೆಯಲ್ಲಿ ಮದುಮಗಳು ಅದನ್ನೇ ಹಾಕಿದ್ದಳು. ಅಮ್ಮ ಮಾತ್ರ ಊಟದ ಪಂಕ್ತಿಯಲ್ಲಿ ನನ್ನ ಹತ್ತಿರ ಬಂದು, "ಒಂದು ಕಾಲಿಂದು ಹೊಳೀತದೆ, ಇನ್ನೊಂದು ಕಾಲಿಂದು ಇನ್ನೂ ಕಪ್ಪಗೇ ಉಂಟಲ್ಲ" ಅಂತ ಬೇಜಾರು ಮಾಡಿಕೊಂಡರು. ಫಾಯಿಲ್ ಸಾಕಾಗಿರಲಿಲ್ಲವಂತೆ.